ಬೇಲಿಯಾಚೆಯ ಸಣ್ಣ ಕಂಪನಿಗಳು

"ಅಲ್ಲ ಮಾರಾಯಾ, ಇಂಟರ್‌ನ್ಯಾಷನಲ್ ಫಂಡ್ ಅಂತ ಒಂದು ಆಗಲೇ ಇದೆಯಲ್ಲ ನನ್ನ ಹತ್ರ. ಅದರ ಮೇಲೆ ಇಂಟರ್‌ನ್ಯಾಷನಲ್ ಸ್ಮಾಲ್ ಕಂಪನಿ ಫಂಡ್ ಅಂತ ಇನ್ನೊಂದು ಯಾಕೆ?"

ಕೇಳಿದ್ದು ಬೇಲಿಯಾಚೆಯ ಅಕ್ಕ. ತೀರ್ಥಹಳ್ಳಿ ಕಡೆಯವರು, ನ್ಯೂಜೆರ್ಸಿಗೆ ಬಂದು ಬಹಳ ಕಾಲವಾಯಿತು. ಹಳೆ ಕಂಪನಿಯ 401ಕೆ ಎಂಬ ನಿವೃತ್ತಿ ದುಡ್ಡನ್ನು ಈಚೆಗೆ ತಮ್ಮದೇ ನಿವೃತ್ತಿ ಉಳಿತಾಯದ ಐಆರ್‌ಎ ಖಾತೆಗೆ ತಂದುಕೊಂಡಿದ್ದಾರೆ. ಅದನ್ನು ಎಲ್ಲಿ ಹಾಕುವುದು ಅನ್ನುವ ವಿಚಾರ ಮೆಂತ್ಯದ ಮಡಿಗೆ ನೀರು ಬಿಡುವಾಗಲೆಲ್ಲ ಬರುತ್ತದೆ.

"ನಿಮ್ಮ ಹಳೇ ಫಂಡಿನಲ್ಲಿ ಏನೇನಿದೆ ಅಂತ ನೋಡಿದ್ದೀರಾ ಅಕ್ಕ?" ಅಂದೆ. ಫೋನ್ ತೆಗೆದು ಬೇಲಿಯ ಮೇಲಿಂದಲೇ ಚಾಚಿದರು. ನೆಸ್ಲೆ, ಎಎಸ್‌ಎಂಎಲ್, ನೋವೋ ನಾರ್ಡಿಸ್ಕ್, ಆಸ್ಟ್ರಾಜೆನೆಕಾ, ಟೊಯೋಟಾ ಎಲ್ಲ ಇದ್ದವು. ಎಂಎಸ್‌ಸಿಐ ಈಫ಼ೆ ಅನ್ನುವ ಸೂಚ್ಯಂಕದ ಫಂಡು ಅದು. ಯೂರೋಪ್, ಆಸ್ಟ್ರೇಲಿಯಾ, ಜಪಾನ್ ಕಡೆಯ ದೊಡ್ಡ ಮತ್ತು ನಡುಗಾತ್ರದ ಕಂಪನಿಗಳಷ್ಟೇ ಅದರಲ್ಲಿರುತ್ತವೆ. ಕೆನಡಾ ಇಲ್ಲ, ಭಾರತ ಇಲ್ಲ, ಸಣ್ಣ ಕಂಪನಿ ಒಂದೂ ಇಲ್ಲ.

ಈ ದೊಡ್ಡವರ ಗಿರಾಕಿ ಯಾರು ಅಂತ ನೋಡಿದರೆ ನನ್ನ ಮಾತು ಅರ್ಥವಾಗುತ್ತದೆ. ನೆಸ್ಲೆ ಸ್ವಿಟ್ಜರ್ಲೆಂಡಿನದು, ಅದರ ಅತಿ ದೊಡ್ಡ ಮಾರುಕಟ್ಟೆ ಅಮೆರಿಕ. ನೋವೋ ನಾರ್ಡಿಸ್ಕ್ ಡೆನ್ಮಾರ್ಕಿನದು, ಅದರ ಔಷಧಿಗೆ ಹೆಚ್ಚು ದುಡ್ಡು ಕೊಡುವವರು ಇದೇ ಅಮೆರಿಕದವರು. ಟೊಯೋಟಾ ಕಾರುಗಳಂತೂ ನಮ್ಮ ಬೀದಿಯ ತುಂಬ ನಿಂತಿವೆ. ಊರು ಯಾವುದಾದರೇನು, ವ್ಯಾಪಾರದ ದೊಡ್ಡ ಪಾಲು ಇಲ್ಲಿಯದೇ. ಇಲ್ಲಿಯ ಜನ ಕೈ ಬಿಗಿ ಹಿಡಿದರೆ ಅವುಗಳ ಲಾಭಕ್ಕೂ ಏಟು ಬೀಳುತ್ತದೆ. ಅಮೆರಿಕ ಎಡವಿದಾಗ ಆಸರೆಗಿರಲಿ ಅಂತ ಅಕ್ಕ ಹೊರದೇಶಕ್ಕೆ ಹೋದರು. ಕೊಂಡಿದ್ದರಲ್ಲಿ ದೊಡ್ಡ ಪಾಲು ಮತ್ತೆ ಅಮೆರಿಕದ ಗಲ್ಲಾಪೆಟ್ಟಿಗೆಯನ್ನೇ ನಂಬಿಕೊಂಡಿದೆ.

ಸಣ್ಣ ಕಂಪನಿಗಳ ಕಥೆ ಬೇರೆ. ಜಪಾನಿನ ಒಂದು ಪ್ರಾಂತ್ಯದೊಳಗೇ ಶಾಖೆಗಳನ್ನಿಟ್ಟುಕೊಂಡ ಬ್ಯಾಂಕು, ಇಂಗ್ಲೆಂಡಿನಲ್ಲಿ ಮನೆ ಕಟ್ಟಿ ಮಾರುವ ಬಿಲ್ಡರು, ಕೆನಡಾದ ಚಿಕ್ಕ ಗಣಿ, ಆಸ್ಟ್ರೇಲಿಯಾದ ಪೀಠೋಪಕರಣದ ಅಂಗಡಿ ಇವೆಲ್ಲ ಬಹುಪಾಲು ತಮ್ಮ ಊರಿನವರ ಸಂಬಳ, ಬಡ್ಡಿ, ಬಾಡಿಗೆ, ಹವಾಮಾನದ ಮೇಲೆ ಬದುಕುತ್ತವೆ. ಹೊರದೇಶದಲ್ಲಿ ದುಡ್ಡು ಹಾಕಬೇಕೆನ್ನುವವರಿಗೆ ನಿಜವಾದ ಹೊರದೇಶ ಸಿಗುವುದು ಇಲ್ಲಿಯೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಕ್ಕನ ಮಗ ಹೈಸ್ಕೂಲಿನಲ್ಲಿದ್ದಾಗ ಊಟದ ಮೇಜಿನ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಕೂದಲೆಳೆಯಂಥ ಬ್ರಷ್ಷಿನಲ್ಲಿ ಬಣ್ಣ ಹಚ್ಚುತ್ತಾ ಕೂರುತ್ತಿದ್ದ. ಅದು ವಾರ್‌ಹ್ಯಾಮರ್ ಆಟ. ಮಾಡುವ ಕಂಪನಿ ಗೇಮ್ಸ್ ವರ್ಕ್‌ಶಾಪ್, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನದು. ಗೊಂಬೆಯನ್ನೂ ಅವರೇ ಅಚ್ಚು ಹಾಕುತ್ತಾರೆ, ಅದಕ್ಕೆ ಹಚ್ಚುವ ಬಣ್ಣವನ್ನೂ ಅವರೇ ಮಾರುತ್ತಾರೆ. ಅವರ ಎಷ್ಟೋ ಅಂಗಡಿಗಳಲ್ಲಿ ಇರುವುದು ಒಬ್ಬನೇ ನೌಕರ. 1994ರಲ್ಲಿ ಲಂಡನ್ ಷೇರುಪೇಟೆಗೆ ಬಂದ ಈ ಕಂಪನಿಯ ಷೇರು 2016ರಲ್ಲಿ ಐದು ಪೌಂಡಿನ ಆಸುಪಾಸಿನಲ್ಲಿತ್ತು. 2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿದಾಗ ಅದೇ ಷೇರಿನ ಬೆಲೆ ನೂರಮೂವತ್ತು ಪೌಂಡ್ ದಾಟಿತ್ತು.

"ಹಾಗಾದರೆ ಅಂಥದ್ದನ್ನೇ ಹುಡುಕಿ ತಗೊಂಡರಾಯಿತಲ್ಲ" ಅಂದರು ಅಕ್ಕ.

ಹುಡುಕುವುದೇ ಕಷ್ಟ. ಅದೇ ಲಂಡನ್ನಿನಲ್ಲಿ ಪ್ಯಾಟಿಸರಿ ವ್ಯಾಲರಿ ಅಂತ ಕೇಕ್ ಅಂಗಡಿಗಳ ಸರಣಿಯೊಂದಿತ್ತು. ಲಾಭ ತೋರಿಸುತ್ತಿತ್ತು, ಬ್ಯಾಂಕಿನಲ್ಲಿ ದುಡ್ಡಿದೆ ಎನ್ನುತ್ತಿತ್ತು. 2018ರ ಅಕ್ಟೋಬರಿನಲ್ಲಿ ಲೆಕ್ಕಪತ್ರದಲ್ಲಿ ಕೋಟ್ಯಂತರ ಪೌಂಡಿನ ತೂತು ಕಾಣಿಸಿತು, ಷೇರಿನ ವಹಿವಾಟು ನಿಂತಿತು. 2019ರ ಜನವರಿಯಲ್ಲಿ ಕಂಪನಿ ಕುಸಿಯಿತು. ಷೇರು ಹಿಡಿದವರಿಗೆ ಮಾರಿಕೊಳ್ಳಲು ಒಂದು ದಿನವೂ ಸಿಗಲಿಲ್ಲ. ದೊಡ್ಡ ಕಂಪನಿಯ ಲೆಕ್ಕವನ್ನು ನೂರಾರು ಜನ ಕೆದಕುತ್ತಾರೆ. ಸಣ್ಣದನ್ನು ನೋಡುವವರು ಒಬ್ಬಿಬ್ಬರು, ಕೆಲವಕ್ಕೆ ಅವರೂ ಇಲ್ಲ. ಗೊಂಬೆ ಕಂಪನಿಯನ್ನೂ ಕೇಕಿನ ಕಂಪನಿಯನ್ನೂ ಎದುರಿಗಿಟ್ಟು ಯಾವುದು ಗೆಲ್ಲುತ್ತದೆ ಅಂತ ಆಗ ಕೇಳಿದ್ದರೆ ಬುದ್ಧಿವಂತರೂ ತಪ್ಪು ಹೇಳುತ್ತಿದ್ದರು.

ಅದಕ್ಕೇ ನಾನು ಇಡೀ ರಾಶಿಯನ್ನೇ ಕೊಳ್ಳುವ ಪಕ್ಷದವನು. ವ್ಯಾನ್‌ಗಾರ್ಡ್ 2009ರಲ್ಲಿ ಶುರು ಮಾಡಿದ, ಅಮೆರಿಕ ಬಿಟ್ಟು ಉಳಿದ ಲೋಕದ ಸಣ್ಣ ಕಂಪನಿಗಳ ಇಂಡೆಕ್ಸ್ ಫಂಡಿನಲ್ಲಿ 4,000ಕ್ಕೂ ಹೆಚ್ಚು ಕಂಪನಿಗಳಿವೆ. ಜಪಾನ್, ಕೆನಡಾ, ಬ್ರಿಟನ್, ತೈವಾನ್ ಇವೆ. ಭಾರತದ ಸಣ್ಣ ಕಂಪನಿಗಳೂ ಇವೆ. ಡೈಮೆನ್ಷನಲ್ ಸಂಸ್ಥೆಯ ಇಂಟರ್‌ನ್ಯಾಷನಲ್ ಸ್ಮಾಲ್ ಕಂಪನಿ ಫಂಡ್ 1996ರದು, ಮುಂದುವರಿದ ದೇಶಗಳಿಗಷ್ಟೇ ಸೀಮಿತ. ಇಷ್ಟು ದೊಡ್ಡ ರಾಶಿಯಲ್ಲಿ ಒಂದು ಕಂಪನಿ ಮುಳುಗಿದ್ದು ಗೊತ್ತೂ ಆಗುವುದಿಲ್ಲ. ಒಂದು ಇಪ್ಪತ್ತೈದು ಪಟ್ಟಾದರೆ ಅದರ ಪಾಲು ನಮಗೂ ಬರುತ್ತದೆ. ತೀರಾ ದೊಡ್ಡದಾದ ಕಂಪನಿಯನ್ನು ಫಂಡು ಮಾರಿ ಹೊರಗೆ ಹಾಕುತ್ತದೆ. ಕಲಿತು ದೊಡ್ಡವರಾದ ಮಕ್ಕಳು ಹಾಸ್ಟೆಲ್ ಖಾಲಿ ಮಾಡಿದ ಹಾಗೆ.

ಡೈಮೆನ್ಷನಲ್ ಅಂದಾಗ ಹೇಳಬೇಕಾದ್ದೊಂದಿದೆ. 1981ರಲ್ಲಿ ರೋಲ್ಫ್ ಬಾಂಜ್ ಎಂಬ ಅರ್ಥಶಾಸ್ತ್ರಜ್ಞರು, ನ್ಯೂಯಾರ್ಕ್ ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳು ದೊಡ್ಡವುಗಳಿಗಿಂತ ಹೆಚ್ಚು ಗಳಿಕೆ ಕೊಟ್ಟಿವೆ ಎಂದು ತೋರಿಸಿದರು. ಅದೇ ವರ್ಷ ಡೇವಿಡ್ ಬೂತ್ ಮತ್ತು ರೆಕ್ಸ್ ಸಿಂಕ್ವೆಫೀಲ್ಡ್ ಡೈಮೆನ್ಷನಲ್ ಸಂಸ್ಥೆ ಹುಟ್ಟುಹಾಕಿದರು. ಬ್ರೂಕ್ಲಿನ್ನಿನಲ್ಲಿದ್ದ ಬೂತ್ ಅವರ ಮನೆಯೇ ಮೊದಲ ಆಫೀಸು. ಆದರೆ ಆ ಹೆಚ್ಚುವರಿ ಗಳಿಕೆ ಆಮೇಲೆ ಅಷ್ಟು ನಿಯತ್ತಾಗಿ ಬರಲಿಲ್ಲ. ಹೂಡಿಕೆ ತಜ್ಞ ಕ್ಲಿಫ್ ಆಸ್ನೆಸ್ ಮತ್ತು ಜೊತೆಗಾರರು ಲೆಕ್ಕ ಹಾಕಿ, ಸಾಲದಲ್ಲಿ ಮುಳುಗಿದ, ಲಾಭವಿಲ್ಲದ ಜಳ್ಳನ್ನು ತೂರಿದರೆ ಮಾತ್ರ ಸಣ್ಣವುಗಳ ಮೇಲುಗೈ ಚೆನ್ನಾಗಿ ಕಾಣುತ್ತದೆ ಎಂದರು. ಆದ್ದರಿಂದ ಹೆಚ್ಚು ಗಳಿಕೆಯ ಭರವಸೆ ನಾನು ಅಕ್ಕನಿಗೆ ಕೊಡಲಿಲ್ಲ. ಇವು ಬೇರೆ ದಾರಿಯಲ್ಲಿ ನಡೆಯುತ್ತವೆ, ಅಷ್ಟು ಸಾಕು ನನಗೆ.

ಜಪಾನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಿದೆ, ಯಾಕೆಂದರೆ ಇಂಥ ಬಹುತೇಕ ಫಂಡುಗಳಲ್ಲಿ ದೊಡ್ಡ ತುಂಡು ಅದೇ. ಅಲ್ಲಿಯ ಸಣ್ಣ ಕಂಪನಿಗಳಲ್ಲಿ ಎಷ್ಟೋ ಕಂಪನಿಗಳು ಬ್ಯಾಂಕಿನಲ್ಲಿ ದುಡ್ಡು ಪೇರಿಸಿಕೊಂಡು ಕೂತುಬಿಟ್ಟಿದ್ದವು. ಆಸ್ತಿಯಿಂದ ಸಾಲ ಕಳೆದು ಉಳಿಯುವ ಮೊತ್ತಕ್ಕಿಂತ ಕಡಿಮೆ ಬೆಲೆಗೆ ಅವುಗಳ ಷೇರು ಸಿಗುತ್ತಿತ್ತು. 2023ರ ಮಾರ್ಚಿನಲ್ಲಿ ಟೋಕಿಯೋ ಷೇರುಪೇಟೆ, ಷೇರಿನ ಬೆಲೆಯನ್ನೂ ಬಂಡವಾಳದ ಬಳಕೆಯನ್ನೂ ಹೇಗೆ ಸುಧಾರಿಸುತ್ತೀರಿ, ಯೋಜನೆ ಬರೆದು ಪ್ರಕಟಿಸಿ ಎಂದು ಕಂಪನಿಗಳನ್ನು ಕೇಳಿತು. ಡಿವಿಡೆಂಡ್ ಏರಿಸುವ, ತಮ್ಮ ಷೇರನ್ನು ತಾವೇ ಕೊಂಡುಕೊಳ್ಳುವ ಕೆಲಸ ಅಲ್ಲಿ ಚುರುಕಾಯಿತು. ಇದು ನನಗೆ ನಿಜಕ್ಕೂ ಆಸೆ ಹುಟ್ಟಿಸಿದ ಬೆಳವಣಿಗೆ.

ಆದರೆ ಯೆನ್ ಇದೆಯಲ್ಲ! ಒಂದು ಷೇರು ಸಾವಿರ ಯೆನ್ ಇದ್ದಾಗ ಡಾಲರಿಗೆ ನೂರು ಯೆನ್ ಅಂದುಕೊಳ್ಳಿ, ನಮ್ಮ ಲೆಕ್ಕದಲ್ಲಿ ಹತ್ತು ಡಾಲರ್ ಆಯಿತು. ಷೇರು ಸಾವಿರದ ಮುನ್ನೂರಕ್ಕೆ ಏರಿತು, ಯೆನ್ ನೂರೈವತ್ತಕ್ಕೆ ಇಳಿಯಿತು. ಈಗ ಕೈಯಲ್ಲಿರುವುದು ಎಂಟು ಡಾಲರ್ ಅರವತ್ತೇಳು ಸೆಂಟು. ಟೋಕಿಯೋದಲ್ಲಿ ಹಬ್ಬ, ನ್ಯೂಜೆರ್ಸಿಯಲ್ಲಿ ನಷ್ಟ. 2021ರಿಂದ 2024ರವರೆಗೆ ಯೆನ್ ನಿಜವಾಗಿ ಇದೇ ದಾರಿ ಹಿಡಿದು, 2024ರಲ್ಲಿ ಡಾಲರಿಗೆ 160 ದಾಟಿತ್ತು. ಇದು ತಿರುಗಿಯೂ ತಿರುಗುತ್ತದೆ. ಯೆನ್ ಬಲವಾದ ವರ್ಷ ಷೇರು ನಿಂತಲ್ಲೇ ನಿಂತರೂ ನಮಗೆ ಲಾಭ.

"ಖರ್ಚೆಷ್ಟು ಇದಕ್ಕೆ?" ಅಂತ ಕೇಳಿದರು ಅಕ್ಕ. ಹೊಲದ ಲೆಕ್ಕ ನೋಡಿಕೊಂಡ ಮನೆಯಿಂದ ಬಂದವರು, ಖರ್ಚು ಕೇಳದೆ ಬಿಡುವುದಿಲ್ಲ.

ಎಲ್ಲಿಂದ ಶುರು ಮಾಡಿದರೂ ಕೊನೆಗೆ ಬರುವುದು ಇಲ್ಲಿಗೇ. ಆಯ್ದು ಕೊಳ್ಳುವ ಮ್ಯಾನೇಜರುಗಳ ಫಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರ ಹತ್ತಿರ ಫೀಸು ಇರುವುದು ಸಾಮಾನ್ಯ. ಇಂಡೆಕ್ಸ್ ಫಂಡಿಗೆ ಅದರ ಒಂದು ತುಣುಕು. ಹತ್ತು ಸಾವಿರ ಡಾಲರ್ ಇಪ್ಪತ್ತೈದು ವರ್ಷ, ಖರ್ಚು ಕಳೆದು ಶೇಕಡ 7ರಂತೆ ಬೆಳೆದರೆ 54,274 ಆಗುತ್ತದೆ. ಶೇಕಡ 6ರಂತೆ ಆದರೆ 42,919. ಒಂದು ಪರ್ಸೆಂಟಿನ ವ್ಯತ್ಯಾಸಕ್ಕೆ ಹನ್ನೊಂದು ಸಾವಿರ ಚಿಲ್ಲರೆ ಡಾಲರ್ ಹೋಯಿತು. ಅಷ್ಟನ್ನು ಗೆದ್ದುಕೊಡುವ ಮ್ಯಾನೇಜರುಗಳು ಇಲ್ಲವೆಂದಲ್ಲ. ಆದರೆ ಅವರ ಹೆಸರು ಹಬ್ಬಿ ದುಡ್ಡು ಹರಿದುಬಂದಾಗ ಸಣ್ಣ ಕಂಪನಿಯಲ್ಲಿ ಅಷ್ಟು ದುಡ್ಡು ಹಾಕಲು ಜಾಗವೇ ಇರುವುದಿಲ್ಲ. ಆಗ ಹೊಸಬರಿಗೆ ಬಾಗಿಲು ಹಾಕುತ್ತಾರೆ. ಹಾಕದೇ ಹೋದರೆ ದೊಡ್ಡ ಕಂಪನಿಗಳ ಕಡೆ ಜಾರುತ್ತಾರೆ.

ಫೀಸಿನ ಪಟ್ಟಿಯಲ್ಲಿ ಕಾಣದ ಖರ್ಚೂ ಈ ಫಂಡುಗಳಲ್ಲಿತ್ತು. ಟೋಕಿಯೋ ಪೇಟೆ ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತಿತ್ತು, ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಒಂದು ಗಂಟೆ. 2024ರ ನವೆಂಬರಿನಿಂದ ಅದು ಮೂರೂವರೆಯಾಗಿದೆ. ಇಲ್ಲಿಯ ಫಂಡು ತನ್ನ ದಿನದ ಬೆಲೆ ಕಟ್ಟುವುದು ಸಂಜೆ ನಾಲ್ಕಕ್ಕೆ. ಹಗಲು ನ್ಯೂಯಾರ್ಕ್ ಜೋರಾಗಿ ಏರಿದರೆ ನಾಳೆ ಟೋಕಿಯೋ ಕೂಡ ಏರುವ ಸಂಭವ ಹೆಚ್ಚು, ಆದರೆ ಫಂಡಿನ ಬೆಲೆ ಮಾತ್ರ ಹಳೆಯ ದರದ್ದು. ಚಾಲಾಕಿಗಳು ಆ ಬೆಲೆಗೆ ಕೊಂಡು ಒಂದೆರಡು ದಿನದಲ್ಲಿ ಮಾರಿ ಹೋಗುತ್ತಿದ್ದರು. ನಷ್ಟ ಬೀಳುತ್ತಿದ್ದುದು ವರ್ಷಗಟ್ಟಲೆ ಸುಮ್ಮನೆ ಹಿಡಿದುಕೊಂಡವರ ಮೇಲೆ. ಅಪರೂಪಕ್ಕೆ ಕೈ ಬದಲಾಗುವ ಸಣ್ಣ ಷೇರುಗಳ ಫಂಡಿನಲ್ಲಿ ಈ ಆಟ ಇನ್ನೂ ಸಲೀಸು. 2003ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಕೆನರಿ ಕ್ಯಾಪಿಟಲ್ ಎಂಬ ಸಂಸ್ಥೆಯ ಮೇಲೆ ಕ್ರಮ ಕೈಗೊಂಡಾಗ ಇಂಥ ಕಳ್ಳಾಟಗಳು ಹೊರಬಿದ್ದವು. ಆಮೇಲೆ ಫಂಡುಗಳು ಮುಚ್ಚಿದ ಪೇಟೆಯ ಷೇರಿಗೂ ಆ ಹೊತ್ತಿನ ನ್ಯಾಯವಾದ ಬೆಲೆ ಅಂದಾಜಿಸುವುದನ್ನು ರೂಢಿ ಮಾಡಿಕೊಂಡವು. ಈ ಪ್ರಸಂಗ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಕ್ಕನಂಥವರ ನಿವೃತ್ತಿಯ ದುಡ್ಡದು.

ಎಷ್ಟು ಹಾಕುವುದು? ಪ್ರತಿ ದೇಶದ ಪೇಟೆಯಲ್ಲಿ ಎಂಎಸ್‌ಸಿಐ ಸಣ್ಣ ಕಂಪನಿ ಅಂತ ಗುರುತಿಸುವುದು ಒಟ್ಟು ಬೆಲೆಯ ಶೇಕಡ 14ರಷ್ಟನ್ನು. ಹಾಗಾಗಿ ಹೊರದೇಶದ ಪಾಲಿನ ಏಳರಲ್ಲೊಂದು ಭಾಗ ಅಂದೆ. ಅದಕ್ಕಿಂತ ತುಸು ಹೆಚ್ಚಾದರೆ ತಪ್ಪಿಲ್ಲ, ಅರ್ಧಕ್ಕರ್ಧ ಬೇಡ. 2008ರಲ್ಲಿ ಇವು ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. 2010ರ ನಂತರದ ದಶಕದಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಇವನ್ನು ಎಷ್ಟೋ ಹಿಂದೆ ಹಾಕಿ ಓಡಿದವು. ಅದಕ್ಕೆ ಮೊದಲಿನ ದಶಕದಲ್ಲಿ, 2000ದಿಂದ 2009ರವರೆಗೆ, ಎಸ್ ಅಂಡ್ ಪಿ 500 ಡಿವಿಡೆಂಡ್ ಸೇರಿಸಿಯೂ ನಷ್ಟದಲ್ಲಿದ್ದಾಗ ಹೊರದೇಶದ ಸಣ್ಣವು ಲಾಭ ಕೊಟ್ಟಿದ್ದವು. ಇಂಥ ಉದ್ದನೆಯ ಸರದಿಗಳನ್ನು ಕೂತು ನೋಡುವ ಮನಸ್ಸಿದ್ದರೆ ಕೊಳ್ಳಬೇಕು. ಕೈಯಲ್ಲಿರುವ ಫಂಡು ಈಫ಼ೆಯದ್ದಾಗಿರದೆ ಟೋಟಲ್ ಇಂಟರ್‌ನ್ಯಾಷನಲ್ ಥರದ್ದಾಗಿದ್ದರೆ ಅದರಲ್ಲಿ ಸಣ್ಣವೂ ಇದ್ದೇ ಇರುತ್ತವೆ, ಆಗ ಇನ್ನೊಂದರ ಅಗತ್ಯವಿಲ್ಲ.

ಯಾವ ಖಾತೆಯಲ್ಲಿ ಇಡುವುದು ಅನ್ನುವುದೂ ಒಂದು ಮಾತು. ಡಿವಿಡೆಂಡ್ ಮೇಲೆ ಆಯಾ ದೇಶದವರು ಮೊದಲೇ ತೆರಿಗೆ ಮುರಿದುಕೊಂಡಿರುತ್ತಾರೆ. ಮಾಮೂಲಿ ಖಾತೆಯಲ್ಲಿದ್ದರೆ ಅದನ್ನು ನಮ್ಮ ಅಮೆರಿಕದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಐಆರ್‌ಎಯಲ್ಲಿದ್ದರೆ ಹೋಯಿತು ಅಂತಲೇ ಲೆಕ್ಕ.

"ಭಾರತದ ಸಣ್ಣ ಕಂಪನಿನೇ ಬೇಕು ಅಂದರೆ ಬೆಂಗಳೂರಿನಲ್ಲೇ ಮ್ಯೂಚುವಲ್ ಫಂಡ್ ಮಾಡಿಸಬಹುದಲ್ಲ?"

"ಬೇಡ ಅಕ್ಕ, ದಯವಿಟ್ಟು ಬೇಡ" ಅಂದೆ. ಅಮೆರಿಕದ ತೆರಿಗೆ ಕಟ್ಟುವವರ ಕೈಯಲ್ಲಿ ಭಾರತದ ಮ್ಯೂಚುವಲ್ ಫಂಡ್ ಇದ್ದರೆ ಇಲ್ಲಿಯ ತೆರಿಗೆ ಇಲಾಖೆ ಅದನ್ನು ಪಿಎಫ್‌ಐಸಿ ಎಂದು ಬೇರೆಯಾಗಿ ನೋಡುತ್ತದೆ. 8621 ಅನ್ನುವ ಫಾರ್ಮು, ಫಂಡಿಗೊಂದು. ಲಾಭದ ಮೇಲೆ ಭಾರಿ ದರದ ತೆರಿಗೆ, ಅದಕ್ಕೆ ಬಡ್ಡಿ. ಊರಿನ ಮೇಲಿನ ಪ್ರೀತಿಗೆ ಅಲ್ಲಿಯ ಫಂಡಿನಲ್ಲಿ ತಿಂಗಳ ಕಂತಿನ ಎಸ್‌ಐಪಿ ಶುರು ಮಾಡಿ ಸಿಕ್ಕಿಕೊಂಡ ಕನ್ನಡಿಗರು ಈ ದೇಶದಲ್ಲಿ ಬಹಳ ಜನ ಇದ್ದಾರೆ. ಇಲ್ಲಿಯ ಫಂಡಿನೊಳಗೇ ಭಾರತದ ತುಣುಕಿದ್ದರೆ ಆ ತಾಪತ್ರಯವಿಲ್ಲ.

ಮೈಸೂರಿನಲ್ಲಿರುವ ಅವರ ತಮ್ಮನಿಗೂ ಇದೇ ಆಸೆಯಂತೆ. ಅವನ ದಾರಿ ಬೇರೆ. ಭಾರತದ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ಹೊರದೇಶದಲ್ಲಿ ತೊಡಗಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ 700 ಕೋಟಿ ಡಾಲರ್. ಅದು ತುಂಬುತ್ತಾ ಬಂದದ್ದಕ್ಕೇ 2022ರ ಫೆಬ್ರವರಿಯಲ್ಲಿ ಹೊಸ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಸ್ವಂತವಾಗಿ ಕಳಿಸುವುದಾದರೆ ಎಲ್‌ಆರ್‌ಎಸ್ ಎಂಬ ಹೊರದೇಶಕ್ಕೆ ಹಣ ಕಳಿಸುವ ಯೋಜನೆಯಡಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಅವಕಾಶವಿದೆ. ಅಮೆರಿಕದ ಇಟಿಎಫ್ (ಪೇಟೆಯಲ್ಲಿ ಷೇರಿನಂತೆ ಕೊಂಡು ಮಾರುವ ಫಂಡು) ಕೊಂಡರೆ ಇನ್ನೊಂದು ತಿಳಿದಿರಬೇಕು: ಇಲ್ಲಿ ನೆಲೆಸದ ವಿದೇಶಿಯೊಬ್ಬರು ತೀರಿಕೊಂಡಾಗ ಅವರ ಅಮೆರಿಕದ ಆಸ್ತಿ 60,000 ಡಾಲರ್ ಮೀರಿದ್ದರೆ ಎಸ್ಟೇಟ್ ತೆರಿಗೆ ಬೀಳುತ್ತದೆ. ಅಕ್ಕ ನಿವೃತ್ತಿಯಾಗಿ ತೀರ್ಥಹಳ್ಳಿಗೆ ಹಿಂದಿರುಗುವ ಯೋಚನೆಯಲ್ಲಿರುವುದರಿಂದ ಇದು ಅವರಿಗೂ ಸಂಬಂಧಪಟ್ಟದ್ದೇ. ಊರಿಗೆ ಹೋದ ಮೇಲೆ ಎಷ್ಟೋ ಕಡೆ ಇಲ್ಲಿಯ ಮ್ಯೂಚುವಲ್ ಫಂಡನ್ನು ಹೊಸದಾಗಿ ಕೊಳ್ಳಲು ಬಿಡುವುದಿಲ್ಲ. ಅದಕ್ಕಾಗಿ, ಕೊಳ್ಳುವುದಾದರೆ ಇಟಿಎಫ್ ರೂಪದ್ದನ್ನೇ ಕೊಳ್ಳಿ ಅಂದೆ.

"ಏಳರಲ್ಲೊಂದು, ಇಟಿಎಫ್, ಹತ್ತು ವರ್ಷ ಮುಟ್ಟಬಾರದು" ಎಂದು ಫೋನಿನಲ್ಲಿ ಕನ್ನಡದಲ್ಲೇ ಬರೆದುಕೊಂಡರು ಅಕ್ಕ. "ಹತ್ತಲ್ಲ, ಹದಿನೈದು" ಅಂದೆ. ತಿದ್ದಿದರು.