ಅಪ್ಪನ ಬಾಣಂತನ

ಮನೆ ಕಟ್ಟಿಸಿದಾಗ ಉಳಿದ ಪಿವಿಸಿ ಪೈಪಿನ ತುಂಡುಗಳು ಹನ್ನೆರಡು ವರ್ಷ ಅಟ್ಟದ ಮೇಲಿದ್ದವು. ಗುಜರಿಗೆ ಹಾಕಿ ಎಂದು ಹೆಂಡತಿ, ಬೇಕಾಗುತ್ತೆ ಇರಲಿ ಎಂದು ನಾನು. ನಿಮ್ಮ ಮನೆಯಲ್ಲೂ ಈ ವ್ಯಾಜ್ಯ ಇದ್ದೇ ಇರುತ್ತದೆ. ಕೊನೆಗೂ ಒಂದು ಬೇಕಾಯಿತು, ಮೀನಿನ ಹೆರಿಗೆ ಕೋಣೆಗೆ.

ಮೀನು ಎಂದರೆ ವಿಪ್‌ಟೇಲ್. ದಕ್ಷಿಣ ಅಮೆರಿಕದ ಹೊಳೆಗಳ ತಳದಲ್ಲಿರುವ ಜೀವ. ಒಣಕಡ್ಡಿಗೆ ಪ್ರಾಣ ಬಂದಂಥ ಮೈ, ಮೇಲೆ ಮೂಳೆಫಲಕಗಳ ಕವಚ, ಬಾಲದ ತುದಿಗೆ ಚಾವಟಿಯಂಥ ಎಳೆ. 1862ರಲ್ಲಿ ಬ್ಲೀಕರ್ ಎಂಬ ಡಚ್ ವಿಜ್ಞಾನಿ ಈ ಕುಲಕ್ಕೆ ರೈನೆಲೊರಿಕೇರಿಯಾ ಎಂದು ನಾಮಕರಣ ಮಾಡಿದ. ಲ್ಯಾಟಿನ್ನಿನಲ್ಲಿ ಲೊರಿಕಾ ಎಂದರೆ ಎದೆಗವಚ. ನಮ್ಮಮ್ಮ ಅಷ್ಟೆಲ್ಲ ತೊಂದರೆ ತೆಗೆದುಕೊಳ್ಳದೆ 'ಕಡ್ಡಿ' ಅಂದಳು.

ಅಮ್ಮನನ್ನು ಒಪ್ಪಿಸಿದ್ದೇ ಒಂದು ಪುರಾಣ. "ಸೌತೆಕಾಯಿ ತಿನ್ನುತ್ತಮ್ಮ, ನಮ್ಮ ಹಾಗೇ" ಎಂದಿದ್ದೆ. ಸುಳ್ಳಲ್ಲ. ಬಿಸಿನೀರಲ್ಲಿ ಅದ್ದಿ ತೆಗೆದ ಬಿಲ್ಲೆ ಹಾಕಿದರೆ ರಾತ್ರಿಯೆಲ್ಲ ಬಾಯಿ ಅಂಟಿಸಿ ಕೆರೆಯುತ್ತದೆ. ಆದರೆ ಹುಳು ಸಿಕ್ಕರೆ ಸೌತೆಕಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಹುಳುಗಳು ಹೆಪ್ಪುಗಟ್ಟಿದ ಕೆಂಪು ಬಿಲ್ಲೆಗಳಾಗಿ ನಮ್ಮ ಫ್ರೀಜರಿನಲ್ಲಿವೆ, 'ಬೀಟ್‌ರೂಟ್' ಎಂಬ ಚೀಟಿ ಹೊತ್ತು. ವಿಷಯ ನಮ್ಮನಮ್ಮಲ್ಲೇ ಇರಲಿ. ಅಮ್ಮನಿಗೆ ಇನ್ನೂ ಪಲ್ಯದ ನೆನಪಾಗದಿರುವುದು ಕುಲದೇವರ ದಯೆ.

ಹಾಂ, ಪೈಪು. ಕೆನ್ನೆಯ ಮೇಲೆ ನಾಲ್ಕು ದಿನದ ಗಡ್ಡದಂತೆ ಮುಳ್ಳುರೋಮವಿರುವುದು ಗಂಡು. ಅವನು ಅದರೊಳಗೆ ಹೋದವನು ಮೂರು ದಿನ ಹೊರಗೆ ಬರಲಿಲ್ಲ. ಸಿಕ್ಕಿಹಾಕಿಕೊಂಡನೆಂದು ಗಾಬರಿಯಾಗಿ ಪೈಪನ್ನೆತ್ತಿ, ಹತ್ತದ ಟಾರ್ಚನ್ನು ಕುಲುಕುವಂತೆ ಕುಲುಕಿದೆ. ಮೊದಲು ಮೀನು ಬಿತ್ತು, ಹಿಂದೆಯೇ ಮೊಟ್ಟೆಗಳ ಗೊಂಚಲು. ಇವರಲ್ಲಿ ಹೆಂಡತಿ ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಡುತ್ತಾಳೆ. ಗಂಡ ಅವುಗಳ ಮೇಲೆ ಕೂತು, ರೆಕ್ಕೆಯಿಂದ ನೀರು ಬೀಸುತ್ತ, ಬೂಷ್ಟು ಹತ್ತದಂತೆ ಬಾಯಿಂದ ಒರೆಸುತ್ತ ಕಾವಲಿರುತ್ತಾನೆ. ಬಾಣಂತನದ ಕೋಣೆಗೆ ನುಗ್ಗಿ ತೊಟ್ಟಿಲು ಮಗುಚಿದ ಪಾಪ ನನ್ನದಾಯಿತು.

ಎರಡು ತಿಂಗಳಿಗೆ ಅವನು ಮತ್ತೆ ಒಳಗೆ ಹೋದ. ಈ ಸಲ ತೊಟ್ಟಿಯ ಹತ್ತಿರ ನಾನು ಕೆಮ್ಮಲೂ ಇಲ್ಲ. ಒಂದು ರಾತ್ರಿ ಕರೆಂಟು ಹೋಗಿ ಗಾಳಿಪಂಪು ನಿಂತಾಗ, ಲೋಟದಲ್ಲಿ ನೀರು ಮೊಗೆದು, ಕಾಫಿ ಆರಿಸುವಂತೆ ಎತ್ತರದಿಂದ ಸುರಿಯುತ್ತ ಕೂತೆ.

ಒಂಬತ್ತನೆಯ ದಿನ ಗಾಜಿನ ತುಂಬ ಅಲ್ಪವಿರಾಮ ಚಿಹ್ನೆಗಳು! ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಇಷ್ಟು ದಿನ ಇವನೇ ನೋಡ್ಕೊಂಡ್ನಾ?" ಹೌದೆಂದೆ. ಅಮ್ಮ ನಿಧಾನವಾಗಿ ಜಗಲಿಯ ಕಡೆ ತಿರುಗಿದಳು. "ರೀ, ಇವನು ಹುಟ್ಟಿದ ವಾರ ನೀವೆಲ್ಲಿದ್ರಿ?"

"ದಸರಾ ಇತ್ತಲ್ಲೇ..." ಅಪ್ಪ ಪೇಪರನ್ನು ಇನ್ನಷ್ಟು ಎತ್ತಿ ಹಿಡಿದರು.

ಅಟ್ಟದ ಮೇಲೆ ಇನ್ನೂ ಎರಡು ತುಂಡು ಪೈಪಿವೆ. ಬೇಕಾಗುತ್ತೆ.