ಬಹುಸಾಲು ಆಯ್ಕೆ ಮೀಮಾಂಸೆ

ಕೋಷ್ಟಕವೊಂದರಲ್ಲಿ ಗುಮಾಸ್ತ ಆರಿಸಿದ್ದು ಒಂದು ಸಾಲೋ, ಹಲವು ಸಾಲೋ ಎಂಬುದನ್ನು ತಂತ್ರಾಂಶ ಅರಿಯುವ ಬಗೆ ಹೇಗೆ? ಗೌತಮನ ನ್ಯಾಯಸೂತ್ರ ಅರಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳಿ ಸುಮ್ಮನಾಯಿತು. ಕುಮಾರಿಲಭಟ್ಟನ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರಕ್ಕೇರಿಸಿದರು. ಶಿಫ್ಟ್ ಕೀ ಒತ್ತಿಹಿಡಿದು ಕ್ಲಿಕ್ ಮಾಡುವವನನ್ನು ಇಬ್ಬರೂ ಕಂಡಿರಲಿಲ್ಲ. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ವಿನಮ್ರ ಉದ್ದೇಶ.

ಅಧ್ಯಯನಕ್ಷೇತ್ರ: ಹುಬ್ಬಳ್ಳಿ-ಧಾರವಾಡ ರಸ್ತೆಯ ಬೈರಿದೇವರಕೊಪ್ಪದ ಒಂದು ಗೋದಾಮು. ಅಮರಗೋಳದ ಎಪಿಎಂಸಿ ಹತ್ತಿರವಿರುವುದರಿಂದ ಒಣಮೆಣಸಿನಕಾಯಿಯ ಘಾಟು ಸಂಶೋಧನೆಗೆ ಉಚಿತವಾಗಿ ದೊರೆಯಿತು. ಇಲ್ಲಿ ಲಾರಿಗಳ ಗೇಟ್ ಪಾಸಿಗೆ ಕಂಪ್ಯೂಟರಿನಲ್ಲೇ ಮಂಜೂರಾತಿ.

ಪ್ರತ್ಯಕ್ಷದಿಂದ ತೊಡಗೋಣ. “ನಾಕ್ ಸಾಲು ನೀಲಿ ಕಾಣಾಕತ್ತಾವ್ರಿ ಸರ್” ಎಂದರು ಗುಮಾಸ್ತರು. ಅವುಗಳಲ್ಲಿ ಮೂರು ನಿಜಕ್ಕೂ ಆಯ್ಕೆಯಾದವು. ನಾಲ್ಕನೆಯದರ ಮೇಲೆ ಮೌಸ್ ಸುಮ್ಮನೆ ನಿಂತಿತ್ತು, ಅಷ್ಟೇ. ಹಗ್ಗದಲ್ಲಿ ಹಾವು ಕಂಡವರಿಗೆ ದೀಪ ತಂದರೆ ಭ್ರಮೆ ಹರಿಯುತ್ತದೆ. ಇಲ್ಲಿ ದೀಪವೇ ಭ್ರಮೆಗೆ ಕಾರಣ.

ಉಪಮಾನವನ್ನು ಕೈಬಿಟ್ಟಿದ್ದೇವೆ, ಸಾಲುಗಳೆಲ್ಲ ಒಂದೇ ಥರ ಇರುತ್ತವೆ. ಶಬ್ದಪ್ರಮಾಣವೆಂದರೆ ಮ್ಯಾನೇಜರರ ಮಾತು: “ನಾ ಒಂದಽ ಟಿಕ್ ಹಾಕೀನ್ರಿ, ಇಪ್ಪತ್ತೈದೂ ಲಾರಿ ಹೊಂಟ್ ಹ್ವಾದುವು!” ಅವರು ಸುಳ್ಳಾಡಲಿಲ್ಲ. ಹಾಕಿದ್ದು ಒಂದೇ ಟಿಕ್, ಆದರೆ ತಲೆಸಾಲಿನ ಚೌಕಕ್ಕೆ. ದಪ್ಪಗಿರುವ ದೇವದತ್ತ ಹಗಲು ಉಣ್ಣದಿದ್ದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಅರ್ಥಾಪತ್ತಿಯ ಪ್ರಸಿದ್ಧ ದೃಷ್ಟಾಂತ. ಅದರಂತೆಯೇ, ಪರದೆಯ ಮೇಲೆ ಹತ್ತೇ ಸಾಲು ಕಂಡು ಲೆಕ್ಕ ಇಪ್ಪತ್ತೈದು ಬಂದರೆ ಉಳಿದ ಹದಿನೈದು ಪುಟದಾಚೆ ಉಣ್ಣುತ್ತಿವೆ ಎಂದು ತಿಳಿಯತಕ್ಕದ್ದು.

ಸಿದ್ಧಾಂತ ಇಷ್ಟು: ಬಣ್ಣವನ್ನೂ ಕೇಳಬೇಡಿ, ಮ್ಯಾನೇಜರರನ್ನೂ ಕೇಳಬೇಡಿ, ಕೋಷ್ಟಕವನ್ನೇ ಕೇಳಿ. ಆಯ್ಕೆಯಾದ ಸಾಲುಗಳ ಪಟ್ಟಿಯನ್ನು ಅದು ಇಟ್ಟುಕೊಂಡಿರುತ್ತದೆ. ಅದರ ಉದ್ದ ಎಣಿಸಿದರೆ ಮುಗಿಯಿತು. ಸೊನ್ನೆಯಾದರೆ ಅನುಪಲಬ್ಧಿ, ಬಟನ್‌ಗಳೆಲ್ಲ ಮಂಕಾಗಲಿ. ಒಂದಾದರೆ ‘ತಿದ್ದು’ ಬಟನ್ ಬೆಳಗಲಿ. ಒಂದಕ್ಕಿಂತ ಹೆಚ್ಚಾದರೆ ‘ತಿದ್ದು’ ಮರೆಯಾಗಿ, ‘ಎಲ್ಲಕ್ಕೂ ಮಂಜೂರು’ ಕಾಣಿಸಲಿ, ಎಷ್ಟು ಲಾರಿ ಎಂಬ ಅಂಕಿಯ ಸಮೇತ. ಹೊಸ ಪ್ರೋಗ್ರಾಮರ್‌ಗಳು ಎಡವುವ ತಾಣವೊಂದಿದೆ: ಆರಿಸಿದ್ದು ಒಂದೇ ಸಾಲಾದರೂ ಕೋಷ್ಟಕ ಸಾಮಾನ್ಯವಾಗಿ ಕೊಡುವುದು ಪಟ್ಟಿಯನ್ನೇ. ಪಟ್ಟಿ ಬಂತೆಂದು ಬಹುವಚನವೆನ್ನಬಾರದು. ಒಬ್ಬರೇ ಬಂದರೂ ‘ಸಾಹೇಬರು ಬಂದರು’ ಎನ್ನುವ ನಾಡಿನಲ್ಲಿ ಗೌರವಾರ್ಥಕ ಬಹುವಚನವನ್ನು ವಿವರಿಸಬೇಕಾಗಿ ಬಂದದ್ದೇ ವಿಷಾದ. ಸಾಲನ್ನು ಅದರ ಸ್ಥಾನದಿಂದಲೂ ನೆನಪಿಡಬಾರದು. ಯಾರೋ ದಿನಾಂಕದ ಮೇಲೆ ಒತ್ತಿ ಕ್ರಮ ಬದಲಿಸಿದರೆ ಮೂರನೆಯ ಸಾಲಿನಲ್ಲಿ ಬೇರೆಯೇ ಲಾರಿ ಬಂದು ನಿಲ್ಲುತ್ತದೆ. ಗೇಟ್ ಪಾಸ್ ಸಂಖ್ಯೆಯಿಂದ ಗುರುತಿಸಿದರೆ ಆ ಪಂಚಾಯಿತಿಯಿಲ್ಲ.

ಇಷ್ಟನ್ನೂ ತಾಳ್ಮೆಯಿಂದ ಕೇಳಿದ ಗುಮಾಸ್ತರು ಪೂರ್ವಪಕ್ಷ ಹೂಡಿದರು: “ಎರಡು ಸಾಲು ಆರಿಸಿ ತಪ್ಪಿ ಒತ್ತಿಬಿಟ್ರ, ಹಿಂದಕ್ಕ ತರಾಕ ಬರತೈತೇನ್ರಿ?”

ಇದಕ್ಕೆ ದೂರದ ಶಾಸ್ತ್ರಗಳನ್ನು ತಡಕಬೇಕಾಗಿಲ್ಲ. ಹುಬ್ಬಳ್ಳಿ, ಧಾರವಾಡ ಎಂಬ ಎರಡು ಸಾಲುಗಳನ್ನು ಆರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದು 1962ರಲ್ಲಿ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾಗಲೆಂದು ಸಚಿವ ಸಂಪುಟ ಒಪ್ಪಿದ್ದು 2025ರ ಜನವರಿಯಲ್ಲಿ. ಆದ್ದರಿಂದ, ಬರತೈತ್ರಿ. ಸ್ವಲ್ಪ ಕುಂದರಬೇಕು.