ವಾಲ್ವಣ್ಣನ ಮುಗಿಯದ ಆಂಪು

ಭಾನುವಾರ ಮಧ್ಯಾಹ್ನ ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಬೆಸುಗೆಯ ಹೊಗೆ ತೇಲಿಬಂದು, ಅದರ ಬೆನ್ನಿಗೇ ಗಿಟಾರಿನ ಒಂದೇ ಒಂದು ಕಾರ್ಡ್ ಹತ್ತಾರು ಸಲ ಕೇಳಿಸಿತೆಂದರೆ, ಆ ಮನೆಯಲ್ಲಿ ವಾಲ್ವಣ್ಣ ಇದ್ದಾನೆಂದು ತಿಳಿಯಬಹುದು. ವಯಸ್ಸು ನಲವತ್ತರ ಆಚೀಚೆ, ಉದ್ಯೋಗ ಸಾಫ್ಟ್‌ವೇರ್. ಕೋಟ್ಯಂತರ ಟ್ರಾನ್ಸಿಸ್ಟರುಗಳು ತುಂಬಿದ ಲ್ಯಾಪ್‌ಟಾಪಿನ ಮುಂದೆ ಕೂತು ಸಂಪಾದಿಸಿದ ಹಣವನ್ನು, 1947ರಲ್ಲಿ ಟ್ರಾನ್ಸಿಸ್ಟರ್ ಬರುವುದಕ್ಕಿಂತ ಮೊದಲಿನ ಗಾಜಿನ ಬುರುಡೆಗಳಿಗೆ ಸುರಿಯುವುದು ಅವನ ಹವ್ಯಾಸ. ಗಿಟಾರಿಗೆ ತನ್ನ ಕೈಯಾರೆ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಾನೆ. ಯಾಕಪ್ಪಾ ಎಂದರೆ ನಾದಕ್ಕಾಗಿ ಎನ್ನುತ್ತಾನೆ. ಮನೆಯವರು ಹುಚ್ಚು ಎನ್ನುತ್ತಾರೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ವಾಲ್ವಣ್ಣನಿಗೆ ಬೇಕಾಗಿರುವುದು ಎಂದೂ ಮುಗಿಯದ ಒಂದು ಕೆಲಸ. ನಾದ ಎಂಬುದು ಅದಕ್ಕೆ ಒದಗಿಬಂದ ಮರ್ಯಾದಸ್ಥ ನೆಪ.

ಅವನು ಕಟ್ಟಲು ಹೊರಟ ವಸ್ತುವನ್ನೇ ಮೊದಲು ನೋಡಿ. ಈ ಪಂಥದವರು ಸಾಮಾನ್ಯವಾಗಿ ಶುರುಮಾಡುವುದು ಅಮೆರಿಕದ ಫೆಂಡರ್ ಕಂಪನಿ 1950ರ ದಶಕದಲ್ಲಿ ಹೊಸಬರಿಗೆಂದು ತಯಾರಿಸುತ್ತಿದ್ದ ಚಾಂಪ್ ಎಂಬ ಪುಟ್ಟ ಆಂಪಿನ ನಕಲಿನಿಂದ. ಮೂರು ವಾಲ್ವು, ಎರಡು ಟ್ರಾನ್ಸ್‌ಫಾರ್ಮರು, ಎಂಟು ಇಂಚಿನ ಸ್ಪೀಕರು, ಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ರೆಸಿಸ್ಟರು ಕೆಪಾಸಿಟರು. ತಿರುಗಿಸಲು ಇರುವುದು ಒಂದೇ ಗುಂಡಿ, ಅದು ವಾಲ್ಯೂಮಿನದು. ಹೊರಗೆ ಬರುವ ಶಕ್ತಿ ಸುಮಾರು 5 ವಾಟ್. ರೇಡಿಯೋ ರಿಪೇರಿಯ ಕೆಲಸ ಬಲ್ಲವರಿಗೆ ಇದು ಒಂದೆರಡು ದಿನದ ಮಾತು. ವಾಲ್ವಣ್ಣನಿಗೂ ಇದು ಬೇಗ ಮುಗಿದುಹೋಗುತ್ತದೆ, ಸಂಕಟ ಶುರುವಾಗುವುದೇ ಅಲ್ಲಿಂದ. ಹಾಕಿದ ದಿನವೇ ಆಂಪು ಹಾಡುತ್ತದೆ. ಇನ್ನು ಮುಂದಿನ ಭಾನುವಾರಗಳಿಗೆ ಏನು ಗತಿ?

ಗತಿಯನ್ನು ಗುಂಯ್‌ಗುಡುವ ಸದ್ದು ಒದಗಿಸುತ್ತದೆ. ವಾಲ್ವಿನ ತಂತಿಯನ್ನು ಕಾಯಿಸಲು 6.3 ವೋಲ್ಟಿನ ಎಸಿ ಹರಿಯಬೇಕು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಕಂಪನ ಅಲ್ಲಿಂದ ನುಸುಳಿ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಎರಡು ವೈರುಗಳನ್ನು ಬಿಗಿಯಾಗಿ ಹೆಣೆದರೆ ಸದ್ದು ತಗ್ಗುತ್ತದೆ, ಅರ್ತಿನ ಜಾಗ ಬದಲಿಸಿದರೆ ಇನ್ನಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದು ಮಾತ್ರ ಅಪರೂಪ. ಆಗ ವಾಲ್ವಣ್ಣ ಆಂಪನ್ನು ಬೋರಲು ಹಾಕಿ, ಕರೆಂಟು ಹರಿಯುತ್ತಿರುವಾಗಲೇ, ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಬಲಗೈಯಲ್ಲಿ ಒಣ ಮರದ ಕಡ್ಡಿ ಹಿಡಿದು ಒಂದೊಂದೇ ವೈರನ್ನು ತಿವಿಯುತ್ತಾನೆ. ಜೇಬಿಗೆ ಹೋದ ಕೈ ಶೋಕಿಗಲ್ಲ. ಒಳಗೆ 300 ವೋಲ್ಟಿಗೂ ಮಿಕ್ಕ ಡಿಸಿ ಇದೆ, ಎರಡೂ ಕೈ ತಾಗಿದರೆ ಅದು ಎದೆಯ ಮೂಲಕವೇ ಹಾದುಹೋಗುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರುಗಳು ಆ ವೋಲ್ಟೇಜನ್ನು ಸ್ವಲ್ಪ ಹೊತ್ತು ಕಾದಿಟ್ಟುಕೊಂಡಿರುತ್ತವೆ. ಇಷ್ಟು ಶಿಸ್ತು, ಇಷ್ಟು ಏಕಾಗ್ರತೆಯಿಂದ ಮನುಷ್ಯ ಗಿಟಾರನ್ನೇ ಅಭ್ಯಾಸ ಮಾಡಿದ್ದರೆ ಇಷ್ಟರಲ್ಲಿ ವೇದಿಕೆ ಹತ್ತಿರುತ್ತಿದ್ದ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, ‘ಏನ್ ಸಾರ್, ಮಿಕ್ಸಿ ರಿಪೇರಿನಾ?’ ಎನ್ನುವುದೂ ಇದೇ ಹೊತ್ತಿನಲ್ಲಿ.

ವಾಲ್ವಿನ ನಾದ ನಿಜವಾಗಿಯೂ ಬೇರೆಯಲ್ಲವೇ, ಅದನ್ನು ನೆಪ ಎಂದು ತಳ್ಳಿಹಾಕುವುದು ಕಿವುಡುತನವಲ್ಲವೇ ಎಂದು ಯಾರಾದರೂ ಕೇಳಬಹುದು. ಬೇರೆ ಹೌದು, ಅದರಲ್ಲಿ ಎರಡು ಮಾತಿಲ್ಲ. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಎಂಜಿನಿಯರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ವಾಲ್ವು ಮತ್ತು ಟ್ರಾನ್ಸಿಸ್ಟರುಗಳ ವ್ಯತ್ಯಾಸವನ್ನು ಅಳೆದು ಬರೆದಿದ್ದಾರೆ. ಎರಡನ್ನೂ ಮಿತಿ ಮೀರಿ ದುಡಿಸಿದಾಗ ಹುಟ್ಟುವ ಉಪಸ್ವರಗಳ ಪಾಕವೇ ಬೇರೆ ಬೇರೆ. ಇಲ್ಲಿ ತಮಾಷೆ ಎಂದರೆ, ಆಂಪ್ಲಿಫೈಯರ್ ಎಂಜಿನಿಯರುಗಳು ದಶಕಗಟ್ಟಲೆ ತೊಲಗಿಸಲು ಹೆಣಗಿದ ವಿಕೃತಿಯನ್ನೇ ಗಿಟಾರಿನವರು ದುಡ್ಡು ಕೊಟ್ಟು ವಾಪಸು ತಂದುಕೊಂಡರು. 1964ರಲ್ಲಿ ಬ್ರಿಟನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಒಂದು ಹಾಡಿಗೆ ನುಡಿಸಿದ್ದು, ಆ ಹಾಡಿನ ಜೊತೆ ತಾನೂ ಪ್ರಸಿದ್ಧವಾಯಿತು. ಆದರೆ ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಆ ವ್ಯತ್ಯಾಸವೆಲ್ಲ ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರುಗಳದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯ ಅಗ್ಗದ ರೆಸಿಸ್ಟರ್ ಹಾಕಿದರೂ ಮೊದಲ ದಿನವೇ ಅದು ದೊರೆತುಬಿಟ್ಟಿರುತ್ತದೆ. ಹಾಗಿದ್ದರೆ ಎರಡನೆಯ ದಿನದಿಂದ ನಡೆಯುವುದೆಲ್ಲ ಏನು?

ಅದು ಮಡಿ. ಅಜ್ಜಿಯರ ಕಾಲದ ಅಡುಗೆಮನೆಯಲ್ಲಿದ್ದ ಮಡಿ ಈಗ ಬೆಸುಗೆಯ ಮೇಜಿಗೆ ಬಂದಿದೆ. ಟ್ರಾನ್ಸಿಸ್ಟರ್ ಮುಟ್ಟಿದ ಸಿಗ್ನಲ್ ಮೈಲಿಗೆ, ಪ್ಲಾಸ್ಟಿಕ್ ಹೊದಿಕೆಯ ವೈರ್ ಮೈಲಿಗೆ, ಬಟ್ಟೆ ಸುತ್ತಿದ ವೈರಾದರೆ ಮಡಿ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳು ಪರಮ ಮಡಿ. ಅವು ತೇವ ಹೀರಿಕೊಂಡು ಬೆಲೆ ಬದಲಿಸುತ್ತವೆ, ಸುಸ್ ಎಂದು ಸದ್ದು ಮಾಡುತ್ತವೆ. ವಾಲ್ವಣ್ಣ ಅವನ್ನು ವಿದೇಶದಿಂದ ತರಿಸಿ ಹಾಕುತ್ತಾನೆ, ಸುಸ್ ಸದ್ದು ಕೇಳಿ ಬೇಸರಪಟ್ಟುಕೊಳ್ಳುತ್ತಾನೆ, ತೆಗೆದು ಮೆಟಲ್ ಫಿಲ್ಮ್ ಹಾಕುತ್ತಾನೆ, ‘ಜೀವ ಹೋಯ್ತು ಕಣ್ರೀ’ ಎಂದು ಮತ್ತೆ ಹಳೆಯದನ್ನೇ ಹಾಕುತ್ತಾನೆ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ವಾಲ್ವಿನದ್ದು ಇನ್ನೂ ಸೊಗಸಾದ ಕತೆ. ಜೋರಾಗಿ ಮೀಟಿದಾಗ ವೋಲ್ಟೇಜು ಒಂದಿಷ್ಟು ಕುಸಿದು ಸ್ವರ ಬಾಗುವುದನ್ನು ಅವನು ಕಣ್ಣುಮುಚ್ಚಿ ಆಸ್ವಾದಿಸುತ್ತಾನೆ. ದೊಡ್ಡ ಆಂಪುಗಳಲ್ಲಿ ಆ ಕುಸಿತ ನಿಜ. ಒಂದೇ ಪವರ್ ವಾಲ್ವಿರುವ ಚಾಂಪು ಮೌನವಾಗಿದ್ದಾಗಲೂ ಮೊರೆಯುವಾಗಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕರೆಂಟನ್ನು ಎಳೆಯುತ್ತದೆ, ಆದ್ದರಿಂದ ಕುಸಿಯಲು ಅಲ್ಲಿ ಅಷ್ಟಾಗಿ ಏನೂ ಇರುವುದಿಲ್ಲ. ಇದನ್ನು ಅವನಿಗೆ ಹೇಳುವ ಧೈರ್ಯ ಮಾಡಬೇಡಿ.

ಬೆಂಗಳೂರಿನ ವಾಲ್ವಣ್ಣನಿಗೆ ಸ್ವದೇಶಿ ತೀರ್ಥವೂ ಇದೆ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿತು. ನಮ್ಮ ಹಿರಿಯರು ವಾರ್ತೆ ಕೇಳಿದ ಎಷ್ಟೋ ರೇಡಿಯೋಗಳಲ್ಲಿ ಅವು ಉರಿದವು. ರೇಡಿಯೋಗಳು ಗುಜರಿಗೆ ಹೋದವು, ಪೆಟ್ಟಿಗೆ ಬಿಚ್ಚದೆ ಉಳಿದ ವಾಲ್ವುಗಳನ್ನು ಈಗ ಹೊರದೇಶದ ಹವ್ಯಾಸಿಗಳೂ ಹುಡುಕುತ್ತಾರೆ. ಬಿಇಎಲ್ ಎಂದು ಅಚ್ಚಾದ ಇಎಲ್84 ವಾಲ್ವೊಂದು ಕೈಗೆ ಸಿಕ್ಕಿತೆಂದರೆ ವಾಲ್ವಣ್ಣ ಅದಕ್ಕಾಗಿಯೇ ಹೊಸ ಆಂಪು ಕಟ್ಟುತ್ತಾನೆ. ಕೆಲಸ ಮುಂದೆ, ನಾದ ಹಿಂದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಅವನ ಪರ ವಕೀಲರು ಇಲ್ಲಿ ಜಿಮ್ ಮಾರ್ಷಲ್‌ರನ್ನು ಸಾಕ್ಷಿಗೆ ಕರೆಯುತ್ತಾರೆ. 1962ರಲ್ಲಿ ಲಂಡನ್ನಿನ ಅವರ ವಾದ್ಯಗಳ ಅಂಗಡಿಯವರು ಫೆಂಡರ್ ಬಾಸ್‌ಮನ್ ಆಂಪನ್ನು ಅನುಕರಿಸಿ, ಅಲ್ಲೇ ಸಿಗುವ ಭಾಗಗಳಿಂದ ಕಟ್ಟಲು ಹೊರಟರು, ಹೊರಬಂದದ್ದು ರಾಕ್ ಸಂಗೀತದ ದಿಕ್ಕನ್ನೇ ತಿರುಗಿಸಿದ ಬೇರೊಂದು ದನಿ. ಬಿಡಿಭಾಗದಿಂದ ನಾದ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ ಹೌದು. ಆದರೆ ಅಲ್ಲಿ ಬದಲಾದದ್ದು ವಾಲ್ವಿನ ಜಾತಿ, ಟ್ರಾನ್ಸ್‌ಫಾರ್ಮರು, ಸ್ಪೀಕರು, ಮುಖ್ಯವಾದ ಭಾಗಗಳು. ಅದಲ್ಲದೆ ಅವರು ಕಟ್ಟಿದ್ದನ್ನು ಮಾರಿದರು. ಮಾರಬೇಕಾದವನು ಒಂದು ಹಂತದಲ್ಲಿ ಸ್ಕ್ರೂ ಬಿಗಿದು ಪೆಟ್ಟಿಗೆ ಮುಚ್ಚಲೇಬೇಕು. ವಾಲ್ವಣ್ಣನ ಆಂಪಿಗೆ ಹಿಂದಿನ ಮುಚ್ಚಳವೇ ಇರುವುದಿಲ್ಲ. ಮಾಡಿದ್ದಾನೆ, ಬಣ್ಣವನ್ನೂ ಹೊಡೆದಿದ್ದಾನೆ, ಆದರೆ ಅದು ಬೀರುವಿನ ಮೇಲಿದೆ.

ನುಡಿಸಲು ಬಾರದವನಿಗೆ ಆಂಪ್ ಯಾಕೆ ಎಂಬ ಕುಹಕ ಮಾತ್ರ ಅನ್ಯಾಯದ್ದು. ಆ ಚಾಂಪನ್ನು ರೂಪಿಸಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ಅವರಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಮಾರ್ಷಲ್ ಡ್ರಮ್ ಬಾರಿಸುತ್ತಿದ್ದವರು. ಆ ಲೆಕ್ಕದಲ್ಲಿ ಒಂದೇ ಕಾರ್ಡ್ ಬಲ್ಲ ವಾಲ್ವಣ್ಣ ಪರಂಪರೆಗಿಂತ ಒಂದು ಕಾರ್ಡ್ ಮುಂದಿದ್ದಾನೆ.

ಇಷ್ಟಾಗಿ ಒಂದು ದಿನ ಗುಂಯ್ ನಿಂತು, ಸುಸ್ ಅಡಗಿ, ಎಲ್ಲವೂ ಸರಿಹೋಯಿತೆಂದೇ ಇಟ್ಟುಕೊಳ್ಳೋಣ. ಅವನು ಯಾವುದಕ್ಕಾಗಿ ಇಷ್ಟೆಲ್ಲ ಪಾಡುಪಟ್ಟನೋ ಆ ಸಿಹಿ ವಿಕೃತಿ ಬರುವುದು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದಾಗ. 5 ವಾಟ್ ಎಂದರೆ ಏನು ಮಹಾ ಎಂದುಕೊಳ್ಳಬೇಡಿ. 50 ವಾಟಿನ ಆಂಪು ನಮ್ಮ ಕಿವಿಗೆ ಇದರ ಹತ್ತು ಪಟ್ಟು ಕೇಳಿಸುವುದಿಲ್ಲ, ಸುಮಾರು ಎರಡು ಪಟ್ಟು ಅಷ್ಟೆ. ಹಾಗಾಗಿ 5 ವಾಟೇ ಎರಡು ಬೆಡ್‌ರೂಮಿನ ಮನೆಯ ಗಾಜಿನ ಲೋಟಗಳನ್ನು ನಡುಗಿಸಲು ಸಾಕು, ಅಸೋಸಿಯೇಷನ್ ಅಧ್ಯಕ್ಷರನ್ನು ಲಿಫ್ಟು ಹತ್ತಿಸಲೂ ಸಾಕು. ಅದಕ್ಕೆ ಪರಿಹಾರವಾಗಿ ವಾಲ್ವಣ್ಣ ಈಗ ಇನ್ನೊಂದು ಪೆಟ್ಟಿಗೆ ಕಟ್ಟುತ್ತಿದ್ದಾನೆ. ಆಂಪಿಗೂ ಸ್ಪೀಕರಿಗೂ ನಡುವೆ ಕೂರುವ ಅದರೊಳಗೆ ದಪ್ಪ ದಪ್ಪ ರೆಸಿಸ್ಟರುಗಳು ಮಾತ್ರ ಇರುತ್ತವೆ. ಪಾಡುಪಟ್ಟು ಹುಟ್ಟಿಸಿದ 5 ವಾಟಿನಲ್ಲಿ ನಾಲ್ಕೂವರೆಯನ್ನು ಶಾಖವಾಗಿ ಸುಟ್ಟು, ಉಳಿದ ಅರ್ಧ ವಾಟನ್ನು ಸ್ಪೀಕರಿಗೆ ಕೊಡುವುದು ಅವುಗಳ ಕೆಲಸ. ಆ ರೆಸಿಸ್ಟರುಗಳಿಂದ ನಾದ ಕೆಡುತ್ತದೆಂದು ಅವನಿಗೆ ಈಗಲೇ ಗುಮಾನಿ ಶುರುವಾಗಿದೆ.